ಅಕ್ಕನ ಎಡಮೂಲೆ

ಚುಕ್ಕಿ ಮೇಷ್ಟ್ರು ಆ ಕಾಗದವನ್ನು ತಂದು ಮೇಜಿನ ಮೇಲೆ ಹರವಿದಾಗ ಅಕ್ಕನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಅವಳಿಗೆ ಮೂಗಿನ ತುದಿಯಲ್ಲೇ ಇರುವಂಥದ್ದು, ಅದು ಅವಳ ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಗೊತ್ತು. ತೋಳು ಉದ್ದವಾಯಿತೆಂದು ಅಂಗಿ ವಾಪಸು ತಂದವನಿಗೆ "ಅಂಗಿ ಸರಿಯಾಗೇ ಇದೆ, ನಿಮ್ಮ ಕೈಯೇ ಗಿಡ್ಡ" ಎಂದು ಹೇಳಿ ಕಳಿಸಿದ ಮಹಾತಾಯಿ ಅವಳು. ಆದರೆ ಅಂದಿನ ಸಿಟ್ಟು ಬೇರೆ. ಯಾರೋ ಹೊರಗಿನವರು ಬಂದು ನಮ್ಮ ಮನೆಯ ಗೋಡೆ ವಾಲಿದೆ ಎಂದರೆ ಬರುತ್ತದಲ್ಲ, ಅಂಥದ್ದು. ವಾಲಿದ್ದು ನಿಜವಾಗಿದ್ದರಂತೂ ಇನ್ನೂ ಜಾಸ್ತಿ.

ಆ ಮೇಜಿನ ಕಥೆ ಮೊದಲು ಹೇಳಬೇಕು. ಹಗಲೆಲ್ಲ ಅದರ ಮೇಲೆ ಅಕ್ಕ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕತ್ತರಿ ಆಡಿಸುತ್ತಾಳೆ. ನಿಜದಲ್ಲಿ ಅದು ಟೇಬಲ್ ಟೆನಿಸ್ ಮೇಜು. ಮುಚ್ಚಿಹೋದ ಯಾವುದೋ ಕ್ಲಬ್ಬಿನವರು ಹೊರಗೆ ಹಾಕಿದ್ದನ್ನು ಇಪ್ಪತ್ತೆರಡು ವರ್ಷದ ಹಿಂದೆ ಕೈಗಾಡಿಯಲ್ಲಿ ಹೇರಿಸಿ ತಂದಿದ್ದಳು. ಆಗ ಅಪ್ಪ ಅಮ್ಮ ಇಬ್ಬರೂ ಹೋಗಿ ವರ್ಷವಾಗಿತ್ತು, ಅವಳಿಗೆ ಇಪ್ಪತ್ತೆರಡು, ತಂಗಿಗೆ ಹದಿನಾರು. ಒಂಬತ್ತನೇ ವಯಸ್ಸಿನಲ್ಲಿ ಅರ್ಧ ಕಟ್ಟಿದ ಮೆಟ್ಟಿಲಿಂದ ಬಿದ್ದು ತಂಗಿಯ ಬೆನ್ನುಮೂಳೆ ಮುರಿದಿತ್ತು. ಅಂದಿನಿಂದ ಅವಳು ಗಾಲಿಕುರ್ಚಿಯವಳು. ವ್ಯಾಯಾಮವಾಗಲಿ ಎಂದು ಆಸ್ಪತ್ರೆಯವರು ಕಲಿಸಿದ ಆಟ ಅವಳ ಮೈಗೆ ಹತ್ತಿಬಿಟ್ಟಿತ್ತು. ಮನೆಗೆ ಬಂದ ಮೇಲೂ ಊಟದ ತಟ್ಟೆಯನ್ನೇ ಬ್ಯಾಟಿನ ಹಾಗೆ ಹಿಡಿದು ಗೋಡೆಗೆ ಕಾಗದದ ಉಂಡೆ ಹೊಡೆಯುತ್ತಾ ಕೂರುತ್ತಿದ್ದಳು. ಅದನ್ನು ನೋಡಲಾರದೆ ಅಕ್ಕ ಮೇಜು ತಂದಳು.

ಬೆಳಿಗ್ಗೆ ಐದೂವರೆಗೆ ಬಲೆ ಕಟ್ಟುವುದು, ಎಂಟಕ್ಕೆ ಬಿಚ್ಚುವುದು, ಮೇಜು ಒರೆಸಿ ಬಟ್ಟೆ ಹಾಸುವುದು. ಹಗಲು ತಂಗಿಯೂ ಅದೇ ಕೋಣೆಯಲ್ಲಿ ಕಾಜಾ ಹೊಲಿಯುತ್ತಾಳೆ, ಗುಂಡಿ ಹಾಕುತ್ತಾಳೆ. ಹೀಗೆಯೇ ಇಪ್ಪತ್ತೆರಡು ವರ್ಷ.

ಮೊದಲ ಕೆಲವು ತಿಂಗಳು ಅಕ್ಕ ನಿಂತೇ ಆಡಿದ್ದಳು. ತಂಗಿ ಮೊದಲ ಟೂರ್ನಿಗೆ ಹೋಗಿ, ಆಡಿದ ನಾಲ್ಕೂ ಪಂದ್ಯ ಸೋತು, ಮುಖ ಊದಿಸಿಕೊಂಡು ಬಂದಳು. "ಅಲ್ಲಿ ಎಲ್ಲರೂ ಕೂತು ಆಡ್ತಾರೆ ಅಕ್ಕ. ಚೆಂಡು ಕೆಳಗಿಂದ ಬರತ್ತೆ. ನೀನು ಮೇಲಿಂದ ಹೊಡೀತೀಯ, ಅದನ್ನ ಕಲಿತು ನಾನೇನು ಮಾಡ್ಲಿ?" ಮಾರನೆಯ ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದಿನ ಸ್ಟೂಲು ಎಳೆದುಕೊಂಡು ಬಂದು ಮೇಜಿನ ಎದುರು ಕೂತಳು. ಕೂತವಳು ಮತ್ತೆ ಏಳಲಿಲ್ಲ. ಈಗ ನಿಲ್ಲಿಸಿ ಆಡಿಸಿದರೆ ಒಂದು ಚೆಂಡೂ ಅವಳ ಬ್ಯಾಟಿಗೆ ತಾಗುವುದಿಲ್ಲ. "ನನ್ನ ತಂಗಿಗೋಸ್ಕರ ಕಾಲಿದ್ದೂ ಕೂತವಳು ನಾನು" ಎಂದು ಅವಳು ಗಿರಾಕಿಗಳ ಮುಂದೆ ಹೇಳಿಕೊಳ್ಳುವುದುಂಟು. ಜಂಬ ಅನ್ನಿ. ಆದರೆ ಸುಳ್ಳಲ್ಲ.

ಆ ಸ್ಟೂಲಿನ ಎದುರು ಆಡಿ ಆಡಿಯೇ ತಂಗಿ ಏಳು ಸಲ ರಾಜ್ಯಕ್ಕೆ ಮೊದಲಿಗಳಾದಳು. ಎರಡು ಸಲ ಹೊರದೇಶಕ್ಕೂ ಹೋಗಿಬಂದಳು. ಆಟದವರು ಅವಳಿಗೆ 'ಗೋಡೆ' ಎಂದು ಹೆಸರಿಟ್ಟಿದ್ದರು, ಎಂಥ ಚೆಂಡು ಬಂದರೂ ವಾಪಸು ಕಳಿಸುತ್ತಾಳೆಂದು. ಕೈಗೆ ಹತ್ತದೆ ಉಳಿದದ್ದು ಒಂದೇ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಜಗತ್ತಿನ ಕ್ರೀಡಾಕೂಟಕ್ಕೆ ಗಾಲಿಕುರ್ಚಿಯ ಅವಳ ವರ್ಗದಿಂದ ದೇಶಕ್ಕೆ ಒಬ್ಬಳೇ ಹೋಗಬಹುದು. ಮೂರು ಸಲ ಆಯ್ಕೆಯ ಕೊನೆಯ ಪಂದ್ಯದಲ್ಲಿ ಆ ಜಾಗ ಕೈತಪ್ಪಿತ್ತು. ಈಗ ಅವಳಿಗೆ ಮೂವತ್ತೆಂಟು. "ಇದು ಬಿಟ್ರೆ ಇನ್ನಿಲ್ಲ ಅಕ್ಕ, ನನ್ನ ಭುಜ ನಲವತ್ತೆರಡರವರೆಗೆ ಕಾಯಲ್ಲ" ಎಂದು ಅವಳೇ ಅಂದಿದ್ದಳು. ಈ ಸಲದ ಎದುರಾಳಿ ಇಪ್ಪತ್ತಮೂರರ ಹುಡುಗಿ, ಬ್ಯಾಂಕಿನಲ್ಲಿ ಕೆಲಸ. ಈ ಬ್ಯಾಂಕ್ ಹುಡುಗಿ ಒಂದು ವರ್ಷದಲ್ಲಿ ಮೂರು ಸಲ ತಂಗಿಗೆ ಮಣ್ಣು ಮುಕ್ಕಿಸಿದ್ದಳು.

ಅದಕ್ಕೇ ರಾಜ್ಯದ ಟೇಬಲ್ ಟೆನಿಸ್ ಸಂಘದವರು ಎರಡು ತಿಂಗಳ ಮಟ್ಟಿಗೆ ಒಬ್ಬ ಕೋಚ್ ಕಳಿಸಿಕೊಟ್ಟಿದ್ದರು. ಒಣಕಲು ಮೈಯ, ಮೆಲುಮಾತಿನ, ಅರುವತ್ತರ ಹತ್ತಿರದ ಮನುಷ್ಯ. ಕಾಗದದ ಮೇಲೆ ಮೇಜಿನ ಚಿತ್ರ ಬರೆದು, ಚೆಂಡು ಎಲ್ಲಿ ಬೀಳುತ್ತದೋ ಅಲ್ಲೊಂದು ಚುಕ್ಕಿ ಇಡುವುದು ಅವರ ಕೆಲಸದ ರೀತಿ. ಅಕ್ಕ ಮೊದಲ ದಿನವೇ ಅವರಿಗೆ ಚುಕ್ಕಿ ಮೇಷ್ಟ್ರು ಎಂದು ಹೆಸರಿಟ್ಟಳು.

"ಬ್ಯಾಂಕ್ ಹುಡುಗಿ ಜೊತೆ ಆಡಿದ ಮೂರೂ ಪಂದ್ಯದ ವೀಡಿಯೋ ನೋಡಿ ಹಾಕಿದ ಚುಕ್ಕಿ ಇದು" ಎಂದರು ಮೇಷ್ಟ್ರು. ಎದುರಾಳಿಯ ಅರ್ಧಮೇಜಿನ ಮೇಲೆಲ್ಲ ಚುಕ್ಕಿಗಳು ಸಾಸಿವೆ ಚೆಲ್ಲಿದ ಹಾಗಿದ್ದವು. ಎದುರಾಳಿಯ ಎಡಮೂಲೆಯಲ್ಲಿ ಮಾತ್ರ ಒಂದು ಅಂಗೈಯಗಲ ಜಾಗ ಖಾಲಿ. "ಇಲ್ಲಿಗೆ ಒಂದು ಚೆಂಡೂ ಹೋಗಿಲ್ಲ. ಒಂದೂ ಅಂದ್ರೆ ಒಂದೂ ಇಲ್ಲ. ಆ ಹುಡುಗಿಗೆ ಇದು ಗೊತ್ತು. ಅವಳ ಕುರ್ಚಿ ನೋಡಿ, ಒಂದು ಮೊಳ ಬಲಕ್ಕೆ ಸರಿದೇ ನಿಂತಿರತ್ತೆ. ಎಡಗಡೆ ಬಾಗಿಲು ತೆಗೆದಿಟ್ಟು ನಿಶ್ಚಿಂತೆಯಾಗಿ ಕೂತಿದ್ದಾಳೆ."

"ನಿಮ್ಮ ಪೆನ್ನಲ್ಲಿ ಇಂಕು ಮುಗಿದಿರಬೇಕು" ಎಂದಳು ಅಕ್ಕ.

ಮೇಷ್ಟ್ರು ನಗಲಿಲ್ಲ. ಇನ್ನೊಂದು ಕಾಗದ ತೆಗೆದರು. ಅದು ಕಳೆದ ಹತ್ತು ದಿನ ಇದೇ ಕೋಣೆಯ ಮೂಲೆಯಲ್ಲಿ ಕೂತು, ಅಕ್ಕ ತಂಗಿಯರ ಬೆಳಗಿನ ಆಟ ನೋಡುತ್ತಾ ಹಾಕಿದ್ದು. ಅದರಲ್ಲೂ ಅಷ್ಟೇ. ಸ್ಟೂಲಿನ ಎಡಕ್ಕೆ ಅದೇ ಅಂಗೈಯಗಲ ಖಾಲಿ. "ನಿಮಗೆ ಎಡಗಡೆ ಏನಾದ್ರೂ ತೊಂದ್ರೆ ಇದೆಯಾ ಅಮ್ಮ?" ಎಂದು ಮೆಲ್ಲಗೆ ಕೇಳಿದರು.

"ನನಗೇನು ರೋಗ? ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಅಕ್ಕ ತಂಗಿಯ ಕಡೆ ತಿರುಗಿದಳು, ನೀನಾದರೂ ಹೇಳೇ ಎನ್ನುವ ಹಾಗೆ. ತಂಗಿ ತಲೆ ತಗ್ಗಿಸಿ ಕುರ್ಚಿಯ ಬ್ರೇಕನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದಳು. ಆ ಮುಖ ಅಕ್ಕನಿಗೆ ಗೊತ್ತು. ಚಿಕ್ಕವಳಿದ್ದಾಗ ಏನಾದರೂ ಮುಚ್ಚಿಟ್ಟರೆ ಹೀಗೆಯೇ ಕೂರುತ್ತಿದ್ದಳು.

ಮೇಷ್ಟ್ರು ಹೋದ ಮೇಲೆ ಅಕ್ಕ ಕತ್ತರಿ ಕೆಳಗಿಟ್ಟು ಕೇಳಿದಳು. "ಏನೇ ಅದು? ಬೊಗಳು."

ತಂಗಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ನೀನು ಬಿದ್ದೆಯಲ್ಲ ಅಕ್ಕ."

ಹದಿನಾರು ವರ್ಷದ ಹಿಂದಿನ ಮಾತು. ಶಾಲೆಗಳು ತೆರೆಯುವ ಹೊತ್ತು, ಅಂಗಡಿಯ ತುಂಬ ಸಮವಸ್ತ್ರದ ರಾಶಿ. ಒಂದು ಬೆಳಿಗ್ಗೆ ತಂಗಿ ಎಡಮೂಲೆಗೆ ಚೂಪಾಗಿ ಹೊಡೆದ ಚೆಂಡಿಗೆ ಅಕ್ಕ ಕೈ ಚಾಚಿದಳು, ಸ್ಟೂಲು ಮಗುಚಿತು. ಎಡಭುಜದ ಮೇಲೆ ಬಿದ್ದು ಕೊರಳ ಕೆಳಗಿನ ಮೂಳೆ ಮುರಿಯಿತು. ಮೂರು ತಿಂಗಳು ಕತ್ತರಿ ಮುಟ್ಟುವ ಹಾಗಿರಲಿಲ್ಲ. ಆಮೇಲೆ ವಾಸಿಯಾಯಿತು, ಅಕ್ಕ ಮತ್ತೆ ಬಂದು ಕೂತಳು, ಬಿದ್ದದ್ದನ್ನು ಮರೆತೂಬಿಟ್ಟಳು. ಎಡಕ್ಕೆ ಚೆಂಡು ಬರುತ್ತಿಲ್ಲ ಎನ್ನುವುದು ಅವಳ ಗಮನಕ್ಕೇ ಬರಲಿಲ್ಲ. ಬಾರದ ಚೆಂಡನ್ನು ಯಾರು ಲೆಕ್ಕ ಇಡುತ್ತಾರೆ?

"ಆ ಸದ್ದು ಕೇಳಿಸ್ತು ನನಗೆ" ಎಂದಳು ತಂಗಿ. "ಮೂಳೆ ಮುರಿದದ್ದು. ನೀನು ನೆಲದ ಮೇಲೆ ಬಿದ್ದಿದ್ದೆ, ನನಗೆ ಎದ್ದು ಬಂದು ಹಿಡ್ಕೊಳ್ಳೋಕೆ ಆಗ್ಲಿಲ್ಲ. ಮೇಜು ಸುತ್ತಿ ಬರೋಕೆ ಬಟ್ಟೆ ಗಂಟು ಅಡ್ಡ ಇತ್ತು. ಇಲ್ಲೇ ಕೂತು ಕಿರುಚಿದೆ ಅಷ್ಟೇ."

"ಅದಕ್ಕೆ? ಹದಿನಾರು ವರ್ಷದಿಂದ ನನ್ನ ಮೇಲೆ ಕನಿಕರ ತೋರಿಸ್ತಾ ಇದ್ದೀಯಾ?"

"ಕನಿಕರ ಅಲ್ಲ ಕಣೆ. ಮೊದಮೊದಲು ಬೇಕಂತಲೇ ಬಿಟ್ಟೆ. ಆಮೇಲೆ ಕೈಯೇ ಆ ಕಡೆ ಹೋಗೋದು ಬಿಟ್ಟುಬಿಡ್ತು. ನನಗೇ ಗೊತ್ತಾಗ್ಲಿಲ್ಲ, ನಿಜವಾಗ್ಲೂ. ಇವತ್ತು ಆ ಕಾಗದ ನೋಡಿದ ಮೇಲೇ ಗೊತ್ತಾಗಿದ್ದು."

ತಂಗಿಗಾಗಿ ಕೂತವಳು ತಾನು ಎಂದು ಅಕ್ಕ ಇಷ್ಟು ವರ್ಷ ಬೀಗಿದ್ದಳು. ತಂಗಿಯ ಆಟದಲ್ಲಿದ್ದ ತೂತು ತಾನೇ ಎಂದು ಯಾರಾದರೂ ಹೇಳಿದ್ದರೆ ಅವರ ನೀರಿಳಿಸಿ ಕಳಿಸುತ್ತಿದ್ದಳು. ಮೂರು ಸಲ ಕೈತಪ್ಪಿದ ಆ ಜಾಗ ನೆನಪಾಯಿತು. ಅವಳು ಬಟ್ಟೆ ಎಳೆದುಕೊಂಡು ಕತ್ತರಿಸಲು ಕೂತಳು, ಆ ಮಧ್ಯಾಹ್ನ ಎರಡು ಕಾಲರು ಹಾಳುಮಾಡಿದಳು.

ಮಾರನೆಯ ಬೆಳಿಗ್ಗೆ ಸ್ಟೂಲನ್ನು ಪೂರ್ತಿ ಬಲಕ್ಕೆ ಎಳೆದು ಕೂತು ಅಪ್ಪಣೆ ಕೊಟ್ಟಳು. "ಹೊಡಿ. ಎಡಕ್ಕೆ ಹೊಡಿ. ಬಿದ್ರೆ ನಾನು ಬೀಳ್ತೀನಿ, ನಿನ್ನ ಗಂಟೇನು ಹೋಗತ್ತೆ?"

ತಂಗಿ ಹೊಡೆದಳು. ಚೆಂಡು ನಡುವಿಗೆ ಬಂತು. ಮತ್ತೆ ಹೊಡೆದಳು, ಬಲೆಗೆ ಬಿತ್ತು. ಇನ್ನೊಂದು ಮೇಜು ದಾಟಿ ಇಸ್ತ್ರಿಪೆಟ್ಟಿಗೆಗೆ ಬಡಿಯಿತು. "ದರಿದ್ರದವಳೇ, ಅಷ್ಟು ದೊಡ್ಡ ಜಾಗ ಕಾಣಲ್ವಾ? ಕಣ್ಣೇನು ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದೀಯಾ?" ಎಂದು ಅಕ್ಕ ಬಾಯಿಗೆ ಬಂದಂತೆ ಬೈದಳು. ಬೈದಷ್ಟೂ ತಂಗಿಯ ಕೈ ಬಿಗಿಯಿತು. ಐವತ್ತು ಚೆಂಡು ಹೊಡೆದರೂ ಆ ಮೂಲೆಗೆ ಒಂದೂ ಬೀಳಲಿಲ್ಲ, ಕೊನೆಗೆ ತಂಗಿ ಬ್ಯಾಟನ್ನು ತೊಡೆಯ ಮೇಲಿಟ್ಟು ಅತ್ತುಬಿಟ್ಟಳು.

ಮೇಷ್ಟ್ರು ಅಕ್ಕನ ಪಕ್ಕಕ್ಕೆ ಬಂದು ನಿಂತರು. ಅಕ್ಕ ಎದ್ದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಮೇಷ್ಟ್ರ ಎಡಮೂಲೆಗೆ ತಂಗಿಯ ಚೆಂಡು ಹತ್ತರಲ್ಲಿ ಏಳು ಸಲ ಬಿತ್ತು. ಯಾವ ಕಷ್ಟವೂ ಇಲ್ಲದೆ, ಹೂ ಎತ್ತಿಟ್ಟ ಹಾಗೆ.

ಅದನ್ನು ಕಣ್ಣಾರೆ ಕಂಡ ಮೇಲೆ ಹೇಳುವುದೇನಿದೆ? "ಆಯ್ಕೆ ಪಂದ್ಯ ಮುಗಿಯೋವರೆಗೆ ನೀವೇ ಕೂತ್ಕೊಳ್ಳಿ" ಎಂದು ಅಕ್ಕ ಮುಂದಿನ ಕೋಣೆಗೆ ಹೋದಳು. ಮುಂದಿನ ಆರು ವಾರ ಅವರು ಆಡುವ ಹೊತ್ತಿಗೆ ಅವಳು ಅಂಗಡಿಯ ಕಡೆ ಕೂತು, ಇಸ್ತ್ರಿಯಾದ ಬಟ್ಟೆಯನ್ನೇ ಮತ್ತೆ ಇಸ್ತ್ರಿ ಮಾಡಿದಳು. ಒಳಗೆ ಇಣುಕಲಿಲ್ಲ. ಹೊಟ್ಟೆಕಿಚ್ಚೇ? ಹೌದು, ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು. ಹಾಗಂತ ಅವಳ ಕೈಯ ಕಾಫಿ ಮೇಷ್ಟ್ರಿಗೆ ಒಂದು ದಿನವೂ ತಪ್ಪಲಿಲ್ಲ.

ಆಯ್ಕೆಯ ದಿನ ಬಂತು. ದೊಡ್ಡ ಒಳಾಂಗಣ, ಆರು ಮೇಜು, ಗುಂಯ್ಯೆನ್ನುವ ಫ್ಯಾನುಗಳು. ಇಲ್ಲಿ ಅಕ್ಕನದೊಂದು ಹಳೇ ಪದ್ಧತಿ ಉಂಟು. ಪಂದ್ಯ ಎಲ್ಲೇ ನಡೆಯಲಿ, ಅವಳು ಎದುರಾಳಿಯ ಬೆನ್ನಿನ ನೇರಕ್ಕೆ, ತಂಗಿಗೆ ಎದುರಾಗಿಯೇ ಕೂರಬೇಕು. ಕೋಣೆಯಲ್ಲಿ ಹೇಗೆ ಕೂರುತ್ತಾಳೋ ಹಾಗೆ. ಒಂದೊಂದು ಗೇಮಿಗೂ ಆಟಗಾರರು ಬದಿ ಬದಲಿಸುತ್ತಾರಲ್ಲ, ಆಗ ಅಕ್ಕನೂ ಚೀಲ ಕಂಕುಳಲ್ಲಿ ಇಟ್ಟುಕೊಂಡು, "ಸ್ವಲ್ಪ ದಾರಿ, ಸ್ವಲ್ಪ ದಾರಿ" ಎನ್ನುತ್ತಾ ಆ ತುದಿಯಿಂದ ಈ ತುದಿಗೆ ಓಡುತ್ತಾಳೆ. ನೋಡುವವರು ಪಂದ್ಯ ಬಿಟ್ಟು ಅವಳನ್ನೇ ನೋಡಿ ನಗುವುದುಂಟು. ಅವಳು ಅದಕ್ಕೆಲ್ಲ ಕ್ಯಾರೇ ಅನ್ನುವವಳಲ್ಲ.

ಮೊದಲ ಗೇಮು ತಂಗಿ ಸೋತಳು. ಎರಡನೆಯದು ಗೋಡೆಯ ಹಾಗೆ ನಿಂತು ಗೆದ್ದಳು. ಐದರಲ್ಲಿ ಮೂರು ಗೆದ್ದವರದು ಪಂದ್ಯ. ಬ್ಯಾಂಕ್ ಹುಡುಗಿಯ ಕುರ್ಚಿ ಎಂದಿನಂತೆ ಬಲಕ್ಕೆ ಸರಿದೇ ನಿಂತಿತ್ತು, ಎಡಗಡೆ ಬಟಾಬಯಲು. ತಂಗಿಯ ಚೆಂಡು ಮಾತ್ರ ಅಲ್ಲಿಗೆ ಹೋಗುತ್ತಿಲ್ಲ. ಬದಿಯಲ್ಲಿ ಕೂತ ಮೇಷ್ಟ್ರು ಆರು ವಾರ ಕಲಿಸಿದ್ದೆಲ್ಲ ಎಲ್ಲಿ ಹೋಯಿತೆಂದು ಹಣೆ ಉಜ್ಜಿಕೊಳ್ಳುತ್ತಿದ್ದರು.

ಮೂರನೇ ಗೇಮು, ಎಂಟು–ಎಂಟು. ಬ್ಯಾಂಕ್ ಹುಡುಗಿ ತಪ್ಪಿ ಒಂದು ಚೆಂಡನ್ನು ಎತ್ತರಕ್ಕೆ ಎತ್ತಿಕೊಟ್ಟಳು. ಎಡಕ್ಕೆ ಸುಮ್ಮನೆ ನೂಕಿದ್ದರೂ ಸಾಕಿತ್ತು. ತಂಗಿಯ ಬ್ಯಾಟು ಎದ್ದಿತು, ಕಣ್ಣೂ ಎದ್ದಿತು. ಆ ಕಣ್ಣು ಬ್ಯಾಂಕ್ ಹುಡುಗಿಯ ಹೆಗಲ ಮೇಲಿಂದ ಹಾದು, ಹಿಂದೆ ಕೂತಿದ್ದ ಅಕ್ಕನ ಮುಖಕ್ಕೆ ತಾಗಿದ್ದನ್ನು ಅಕ್ಕ ಸ್ಪಷ್ಟವಾಗಿ ಕಂಡಳು. ತಾಗಿದ್ದೇ ತಡ, ಕೈ ತಿರುಗಿತು. ಚೆಂಡು ನೇರ ಬಲಕ್ಕೆ, ಬ್ಯಾಂಕ್ ಹುಡುಗಿಯ ಬ್ಯಾಟಿಗೇ ಹೋಗಿ ಬಿತ್ತು. ಆ ಅಂಕ ಹೋಯಿತು, ಅದರ ಹಿಂದೆ ಗೇಮೂ ಹೋಯಿತು.

ಬದಿ ಬದಲಾಯಿತು. ಅಕ್ಕ ಚೀಲ ಕಂಕುಳಲ್ಲಿ ಇಟ್ಟುಕೊಂಡು ಎದ್ದಳು, ನಾಲ್ಕು ಹೆಜ್ಜೆ ಓಡಿದಳು, ಬಾಗಿಲ ಹತ್ತಿರ ನಿಂತಳು. ಆ ತುದಿಗೆ ಹೋಗಿ ಕೂತರೆ ಇದೇ ಕಥೆ. ಬಾಗಿಲಾಚೆ ಹೋದರೆ? ಸೋಲುತ್ತಿದ್ದಾಳೆ ಎಂದು ಅಕ್ಕ ಎದ್ದು ಹೋದಳು ಎಂದು ತಂಗಿ ಅಂದುಕೊಂಡರೆ? ಇಪ್ಪತ್ತೆರಡು ವರ್ಷದಲ್ಲಿ ತಂಗಿ ತಲೆ ಎತ್ತಿದಾಗ ಅಕ್ಕ ಎದುರಿಗೆ ಇಲ್ಲದ ಒಂದು ಪಂದ್ಯವೂ ಇಲ್ಲ. ಕೂಗಿ ಹೇಳುವಂತಿಲ್ಲ, ಅಂಪೈರು ಹೊರಗೆ ಹಾಕುತ್ತಾನೆ. ಆದದ್ದಾಗಲಿ ಎಂದು ಅಕ್ಕ ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು.

ಓಣಿಯಂಥ ಉದ್ದನೆಯ ಜಾಗ, ಒಂದು ಬೆಂಚು, ಕುಡಿಯುವ ನೀರಿನ ನಲ್ಲಿ. ನೆಲ ಒರೆಸುವ ಹೆಂಗಸು ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಆಟ ನೋಡೋಕೆ ಬಂದು ಆಚೆ ನಿಂತಿದ್ದೀರಲ್ಲ ಅಕ್ಕ?" ಎಂದಳು.

"ಒಳಗಿರೋಳು ನನ್ನ ತಂಗಿ. ನಾನು ಕಂಡ್ರೆ ಅವಳ ಕೈ ಓಡಲ್ಲ" ಎಂದಳು ಅಕ್ಕ. ಹೇಳಿದ ಮೇಲೆ ಆ ಮಾತು ಅವಳಿಗೇ ಚುಚ್ಚಿತು.

ಅಂಕ ಕೂಗುವುದು ಫ್ಯಾನಿನ ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ಚೆಂಡಿನ ಸದ್ದು ಕೇಳಿಸುತ್ತಿತ್ತು. ತಂಗಿಯ ಬ್ಯಾಟಿನದು ಮೊದ್ದು ಸದ್ದು, ಅದನ್ನು ಸಾವಿರ ಸದ್ದಿನ ನಡುವೆಯೂ ಅಕ್ಕ ಗುರುತಿಸುತ್ತಾಳೆ. ಬ್ಯಾಂಕ್ ಹುಡುಗಿಯದು ಚಟ್ ಎನ್ನುವ ಚುರುಕು ಸದ್ದು. ಅಕ್ಕ ಬಾಗಿಲಿಗೆ ಕಿವಿ ಹಚ್ಚಿ ನಿಂತಳು. ಮೊದ್ದು, ಚಟ್, ಮೊದ್ದು, ಚಟ್, ಮೊದ್ದು. ಆಮೇಲೆ ಚಟ್ ಬರಲಿಲ್ಲ. ಗಾಲಿ ಕಿರ್ರೆಂದು ಎಳೆದ ಸದ್ದು, ಚೆಂಡು ನೆಲದ ಮೇಲೆ ಟಿಪ್ ಟಿಪ್ ಎಂದು ದೂರ ಹೋದ ಸದ್ದು. ಬ್ಯಾಟಿಗೇ ಸಿಗದ ಚೆಂಡು ಅದು. ಎಲ್ಲಿ ಬಿದ್ದಿತ್ತೆಂದು ಯಾರೂ ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ಅವಳ ಕೈ ತಾನಾಗಿ ಹೋಗಿ ತನ್ನ ಎಡಭುಜವನ್ನು ಹಿಡಿದುಕೊಂಡಿತು.

"ಏನಾಯ್ತು?" ಎಂದಳು ನೆಲ ಒರೆಸುವವಳು.

"ಹೊಡೆದ್ಲು" ಎಂದಳು ಅಕ್ಕ. "ಹೊಡೆದ್ಲು ಕಣಮ್ಮ, ಹೊಡೆದ್ಲು!"

ಆಮೇಲೆ ಏನೇನಾಯಿತೋ ಅವಳಿಗೆ ತಿಳಿಯಲಿಲ್ಲ. ಒಮ್ಮೆ ಚಪ್ಪಾಳೆ, ಒಮ್ಮೆ ಅಯ್ಯೋ ಎನ್ನುವ ಉಸಿರು. ಪಕ್ಕದ ಮೇಜುಗಳ ಸದ್ದು ಸೇರಿ ಎಲ್ಲ ಕಲಸಿಹೋಯಿತು. ನಾಲ್ಕನೇ ಗೇಮು ಮುಗಿಯಿತು ಎನಿಸಿತು, ಪಂದ್ಯ ಮುಂದುವರಿದಿದೆ ಅಂದರೆ ತಂಗಿಯೇ ಗೆದ್ದಿರಬೇಕು ಎಂದು ಲೆಕ್ಕ ಹಾಕಿದಳು. ಐದನೆಯದಂತೂ ಮುಗಿಯುವ ಹಾಗೇ ಕಾಣಲಿಲ್ಲ. ಅಕ್ಕ ನಲ್ಲಿ ತಿರುಗಿಸಿ ನೀರು ಕುಡಿದಳು, ಮುಖ ತೊಳೆದಳು, ಮತ್ತೆ ಕುಡಿದಳು. ಕೊನೆಗೊಮ್ಮೆ ದೊಡ್ಡ ಚಪ್ಪಾಳೆ ಬಿತ್ತು. ಯಾರಿಗೆಂದು ಚಪ್ಪಾಳೆ ಹೇಳುವುದಿಲ್ಲ. ಅವಳು ಬಾಗಿಲ ಮುಂದೆಯೇ ನಿಂತಳು.

ಬಾಗಿಲು ತೆರೆಯಿತು. ತಂಗಿ ತಾನೇ ಗಾಲಿ ತಳ್ಳಿಕೊಂಡು ಬಂದಳು, ಬೆವರಿನಿಂದ ಕೂದಲು ಹಣೆಗೆ ಅಂಟಿತ್ತು. ಹಿಂದೆ ಮೇಷ್ಟ್ರು ಅವಳ ಚೀಲ ಹಿಡಿದುಕೊಂಡಿದ್ದರು.

"ಎಲ್ಲಿ ಹೋಗಿದ್ದೆ?" ಎಂದಳು ತಂಗಿ.

"ನೀರು ಕುಡಿಯೋಕೆ."

"ಎರಡು ಗೇಮು ಪೂರ್ತಿ ನೀರು ಕುಡಿದ್ಯಾ? ಹೊಟ್ಟೆಯೋ ಟ್ಯಾಂಕೋ ಅದು?"

"ಬಾಯಾರಿತ್ತು. ಏನಾಯ್ತು ಹೇಳೇ, ಸಾಯಿಸಬೇಡ."

"ಗೆದ್ದೆ ಕಣೆ" ಎಂದಳು ತಂಗಿ. "ತಲೆ ಎತ್ತಿ ನೋಡಿದೆ, ನೀನಿರಲಿಲ್ಲ. ಮೊದಲು ಭಯ ಆಯ್ತು. ಆಮೇಲೆ ಆ ಹುಡುಗಿ ಎಡಗಡೆ ಅಷ್ಟು ಜಾಗ ಕಾಣಿಸ್ತು. ಒಂಬತ್ತು ಸಲ ಹೊಡೆದೆ ಅಕ್ಕ."

ಅಕ್ಕ ಬೆಂಚಿನ ಮೇಲೆ ಕುಸಿದು, ಚೀಲ ಮುಖಕ್ಕೆ ಒತ್ತಿಕೊಂಡು ಅತ್ತಳು. ಸಂತೋಷಕ್ಕೇ ಅತ್ತದ್ದು. ಅತ್ತು ಮುಗಿದ ಮೇಲೆ, ಇನ್ನು ತಡ ಮಾಡಬಾರದೆಂದು ಹೇಳಿಯೇಬಿಟ್ಟಳು. "ನೋಡು ಮರಿ, ಕೂಟಕ್ಕೆ ಹೋಗೋವರೆಗೂ ಮೇಷ್ಟ್ರೇ ಕೂತ್ಕೊಳ್ಳಲಿ. ಆಮೇಲೆ ಬೇರೆ ಯಾರನ್ನಾದ್ರೂ ಹುಡುಕೋಣ. ನಾನು ಇನ್ನು ನಿನ್ನ ಎದುರಿಗೆ ಕೂರಲ್ಲ."

ಹೇಳಿ ಕಾದಳು. ಬೇಡ ಅಕ್ಕ, ನೀನೇ ಬೇಕು ಎಂದು ತಂಗಿ ಅಂದೇ ಅನ್ನುತ್ತಾಳೆ, ಆಗ ತಾನು ಇನ್ನೂ ಗಟ್ಟಿಯಾಗಿ ಇಲ್ಲ ಅನ್ನಬೇಕು ಎಂದು ಆ ಮಾತನ್ನೂ ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದಳು.

ತಂಗಿ ಅಕ್ಕನನ್ನು ನೋಡಿದಳು. ಕಣ್ಣು ತುಂಬಿಕೊಂಡವು. "ಹೂಂ" ಎಂದಳು.

"ಹೂಂ ಅಂದುಬಿಟ್ಟೆಯಲ್ಲೇ!" ಅಕ್ಕ ಅಳುತ್ತಲೇ ನಕ್ಕಳು, ನಗುತ್ತಲೇ ಮತ್ತೆ ಅತ್ತಳು. "ಒಂದೇ ಒಂದು ಸಲ ಬೇಡ ಅನ್ನಬಾರದಿತ್ತೇನೇ, ಬಾಯಿಮಾತಿಗಾದ್ರೂ?"

"ಅಂದಿದ್ರೆ ನಾಳೆ ಬೆಳಿಗ್ಗೆ ಐದೂವರೆಗೆ ಬಂದು ಕೂತುಬಿಡ್ತಿದ್ದೆ ನೀನು" ಎಂದಳು ತಂಗಿ. "ನೀನು ಕೂತ್ರೆ ನಾನು ಎಡಕ್ಕೆ ಹೊಡೆಯಲ್ಲ. ಎಷ್ಟು ಬೈದ್ರೂ ಹೊಡೆಯಲ್ಲ."